ಮೂಳೆ ಪೀಪಿಗೆ ಬಂದ ಉತ್ತರ

ಸಿಮಿಯನ್ ಮಾವನ ಬಂದೂಕಿನ ಕಪಾಟಿಗೆ ಮೊದಲು ಬೀಗವೇ ಇರಲಿಲ್ಲ. ಹೋದ ವರ್ಷ ಓಕ್ ಎಲೆಗಳು ಉದುರುವ ಹೊತ್ತಿಗೆ ಬೀಗ ಬಂತು. ಅದರ ಕೀಲಿಕೈ ಒಂದು ದಾರಕ್ಕೆ ಕಟ್ಟಿಸಿಕೊಂಡು ನಮ್ಮಮ್ಮನ ಕೊರಳಿಗೆ ಬಂತು.

ಮಾವ ಅಮ್ಮನ ತಮ್ಮ. ಅವತ್ತು ಅಳಿಲು ಹೊಡೆಯಲು ಹೋಗಿದ್ದ. ಪಕ್ಕದ ಕಣಿವೆಯವನೊಬ್ಬ ಹಿಂದಿನಿಂದ ಬಂದು ಕರೆದನಂತೆ, ಮತ್ತೆ ಮತ್ತೆ ಕರೆದನಂತೆ. ಮಾವನಿಗೆ ಕೇಳಲಿಲ್ಲ. ಕೊನೆಗೆ ಬೆನ್ನ ಹಿಂದೆ ಏನೋ ಅಲುಗಿದಂತಾಗಿ ಗಕ್ಕನೆ ತಿರುಗಿದ್ದಾನೆ. ಬಂದೂಕಿನ ನಳಿಗೆಯೂ ಅವನ ಜೊತೆಗೇ ತಿರುಗಿ, ಬಂದವನ ಎದೆಯನ್ನು ಸವರಿಕೊಂಡು ಹೋಗಿದೆ. ಗುಂಡು ಹಾರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ಮಾವ ಬೆಟ್ಟ ಇಳಿದು ಮನೆ ಸೇರುವ ಮೊದಲೇ ಸುದ್ದಿ ಅಮ್ಮನ ಅಡುಗೆಮನೆ ಸೇರಿತ್ತು.

"ಕಿವಿ ಇಲ್ಲದವನಿಗೆ ಬಂದೂಕು ಯಾಕೋ?" ಅಂದಳು ಅಮ್ಮ, ಅವನ ಮುಖದ ಎದುರಿಗೇ ನಿಂತು, ತುಟಿ ಕಾಣುವ ಹಾಗೆ. ಮಾವ ಗೊಣಗಿದ. ಆದರೂ ಬಂದೂಕು ಕೊಟ್ಟ. ನಮ್ಮ ಚೆರೋಕೀ ಬುಡಕಟ್ಟಿನ ಮನೆಗಳಲ್ಲಿ ಅಕ್ಕನ ಮಾತು ಮೀರಿದ ತಮ್ಮಂದಿರು ಇಲ್ಲವೆಂದಲ್ಲ. ಅವರನ್ನು ಊಟಕ್ಕೆ ಕರೆಯುವವರು ಕಡಿಮೆ.

ಚಳಿಗಾಲ ಹೇಗೋ ಕಳೆಯಿತು. ಏಪ್ರಿಲ್ ಬಂದು ಡಾಗ್‌ವುಡ್ ಮರಗಳು ಬಿಳಿ ಹೂ ಬಿಟ್ಟವು. ಮನೆಯ ಹಿಂದಿನ ಬೆಟ್ಟದ ಏಣಿನ ಮೇಲೆ ಕಾಡು ಟರ್ಕಿ ಹುಂಜಗಳು ಕೂಗತೊಡಗಿದವು. ಮರದ ಪೀಪಾಯಿಯೊಂದನ್ನು ಕಲ್ಲಿನ ಮೇಲೆ ಉರುಳಿಸಿಬಿಟ್ಟಂತೆ ಗಳಗಳ ಗುಳುಗುಳು ಎಂದು ಬೆಟ್ಟ ಇಳಿದು ಬರುವ ಆ ಕೂಗಿಗೆ ನಮ್ಮ ಮನೆಯಲ್ಲಿ ಎಲ್ಲರೂ ಒಂದು ಕ್ಷಣ ಕೈ ನಿಲ್ಲಿಸುತ್ತೇವೆ. ಬೆಳಗಿನ ಕಾಫಿಗೆ ಬಂದು ಕೂತ ಮಾವ ಈಗ ಬೆಟ್ಟದ ಕಡೆ ನೋಡುತ್ತಿರಲಿಲ್ಲ, ನಮ್ಮ ಮುಖ ನೋಡುತ್ತಿದ್ದ. ಅಮ್ಮನ ಚಮಚ ನಿಂತರೆ, ನನ್ನ ತಲೆ ಒಂಚೂರು ಕಿಟಕಿಯತ್ತ ವಾಲಿದರೆ, ಹುಂಜ ಕೂಗಿತೆಂದು ಅವನಿಗೆ ತಿಳಿಯುತ್ತಿತ್ತು. ಇದನ್ನು ಗಮನಿಸಿದ ಮೇಲೆ ನಾನು ರೊಟ್ಟಿ ಕೆಳಗಿಟ್ಟೆ. ನಾನು ಇಂಥದ್ದನ್ನೆಲ್ಲ ಗಮನಿಸುವವಳು, ಗಮನಿಸಿದ ಮೇಲೆ ಬಿಡಲಾರದವಳು.

"ಆಸ್ಪತ್ರೆಯವರು ಕೊಟ್ಟ ಯಂತ್ರ ಹಾಕ್ಕೋಬಾರ್ದಾ ಮಾವ?" ಎಂದು ಕಿವಿ ತೋರಿಸಿ ಕೇಳಿದೆ.

"ಹಾಕ್ಕೊಂಡು ನೋಡ್ದೆ ಕಣೆ. ಎಲೆ ಮೇಲೆ ಕಾಲಿಟ್ರೆ ಬಾಣಲೇಲಿ ಹಂದಿ ಕೊಬ್ಬು ಸಿಡಿದ ಹಾಗಾಗತ್ತೆ. ನನ್ನ ದವಡೆ ಅಗಿಯೋದು ನಂಗೇ ಕೇಳತ್ತೆ. ಟರ್ಕಿ ಒಂದು ಬಿಟ್ಟು ಉಳಿದಿದ್ದೆಲ್ಲ ಕೇಳತ್ತೆ!"

ಅವನು ಈಗ ಜೋರಾಗಿ ಮಾತಾಡುತ್ತಾನೆ. ತನ್ನ ದನಿ ತನಗೇ ಕೇಳದವರು ಹಾಗೇ.

ಅಮ್ಮನ ಸಂಕಟ ಬೇರೆಯದು. ಎರಡು ಚಳಿಗಾಲದಿಂದ ಅವಳು ಒಂದು ಗರಿ ಹೊದಿಕೆ ಕಟ್ಟುತ್ತಿದ್ದಳು. ನೂಲಿನ ಬಲೆ ಹೆಣೆದು, ಅದರ ಒಂದೊಂದು ಗಂಟಿಗೂ ಟರ್ಕಿಯ ಒಂದೊಂದು ಗರಿ ಕಟ್ಟಿ, ಮೇಲಿನ ಸಾಲು ಕೆಳಗಿನ ಸಾಲಿನ ಬುಡ ಮುಚ್ಚುವಂತೆ ಏರಿಸುತ್ತ ಹೋಗುವ ಕೆಲಸ. ಕೆಳಗಿನಿಂದ ಮೇಲಕ್ಕೆ ಬಂದು ಭುಜದ ಹತ್ತಿರ ನಿಂತುಬಿಟ್ಟಿತ್ತು. ಭುಜಕ್ಕೆ ಹುಂಜದ ಬೆನ್ನಿನ ಗರಿಯೇ ಆಗಬೇಕು. ಬೇರೆ ಬೇಟೆಗಾರರು ಕೊಡುವುದಿಲ್ಲವೆಂದಲ್ಲ. ಅವರೆಲ್ಲ ಹಕ್ಕಿಯನ್ನು ಬಿಸಿನೀರಲ್ಲಿ ಅದ್ದಿ ಪುಕ್ಕ ಕೀಳುವವರು. ಬಿಸಿನೀರು ಕಂಡ ಗರಿ ಒದ್ದೆ ಬೆಕ್ಕಿನ ಹಾಗೆ, ಒಣಗಿದರೂ ಮೊದಲಿನಂತೆ ಅರಳುವುದಿಲ್ಲ.

ಒಂದು ಬೆಳಿಗ್ಗೆ ಹುಂಜ ತೀರ ಹತ್ತಿರದಲ್ಲಿ ಕೂಗಿತು. ಅಮ್ಮನ ಚಮಚ ನಿಂತಿತು. ಮಾವ ಅವಳ ಮುಖ ನೋಡಿದ. ಅವಳು ಅವನನ್ನು ನೋಡಿದಳು. ಆಮೇಲೆ ನನ್ನತ್ತ ತಿರುಗಿದಳು.

"ಮಾರ್ಲೀನ್ ಹೋಗ್ಲಿ ಅವನ ಜೊತೆ."

"ನಾನಾ?"

"ನೀನೇ. ಒಲೆ ಆರಿಸಿದೀನಾ ಅಂತ ಅರ್ಧ ದಾರೀಂದ ವಾಪಸ್ ಬರೋಳು ಈ ಕಣಿವೇಲಿ ನೀನೊಬ್ಬಳೇ. ನೀನು ಇಡೀ ದಿನ ಅವನನ್ನ ನೋಡು. ಅವನ ಕೈಲಿ ಬಂದೂಕು ಇರಬಹುದು ಅಂದ್ರೆ ಇರ್ಲಿ. ಬೇಡ ಅಂದ್ರೆ ನಾಳೇನೇ ಮಾರಿಬಿಡೋಣ. ನಾನು ಮತ್ತೆ ಕೇಳಲ್ಲ."

ನಮ್ಮ ಡೆಲ್ಲಾ ಅಕ್ಕ, ದೊಡ್ಡಮ್ಮನ ಮಗಳು, ಒಲೆಯ ಹತ್ತಿರದಿಂದ ನಕ್ಕಳು. "ಪಾಪ ಮಾವ! ಇವಳು ಬೇಡ ಅನ್ನದೇ ಇದ್ದಿದ್ದು ಯಾವುದಿದೆ? ಮೊನ್ನೆ ನಾನು ಕೂದಲು ಕತ್ತರಿಸ್ಕೊತೀನಿ ಅಂದಿದ್ದಕ್ಕೇ ಯೋಚ್ನೆ ಮಾಡು ಅಂದ್ಲು."

ಮಾವ ಎಲ್ಲವನ್ನೂ ತುಟಿಗಳ ಮೇಲೆ ಓದಿದ್ದ. ಕಾಫಿ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಗೆ ಹೋದ.

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಹೊರಟೆವು. ಹೊರಡುವಾಗ ಮಾವ ನನ್ನ ಮೈಮೇಲಿನ ಬಟ್ಟೆಯನ್ನೆಲ್ಲ ಪರೀಕ್ಷಿಸಿದ. ಕೆಂಪು, ಬಿಳಿ, ನೀಲಿ ಯಾವುದೂ ಇರಬಾರದು, ಅವು ಹುಂಜದ ತಲೆಯ ಬಣ್ಣಗಳು, ಬೇರೆ ಬೇಟೆಗಾರ ಕಂಡರೆ ಹುಂಜವೆಂದೇ ಹೊಡೆದಾನು. ನನ್ನ ಬಿಳಿ ಕರವಸ್ತ್ರ ಮನೆಯಲ್ಲೇ ಉಳಿಯಿತು. ಇದು ಅವನ ಪರವಾಗಿ ಮೊದಲನೆಯದು ಎಂದು ಮನಸ್ಸಿನಲ್ಲೇ ಎಣಿಸಿಕೊಂಡೆ. ತೊರೆಗೆ ಅಡ್ಡ ಬಿದ್ದ ಮರ ದಾಟುವಾಗ ಅವನು ತೋಟಾ ತೆಗೆದು ಜೇಬಿಗೆ ಹಾಕಿಕೊಂಡು, ಬಂದೂಕನ್ನು ನನ್ನ ಕೈಗೆ ಕೊಟ್ಟು ದಾಟಿದ. ಅದೂ ಅವನ ಪರ. ಆದರೆ ಆಚೆ ದಡದಲ್ಲಿ ನಾನು ಎಡವಿ, ಒಣಕೊಂಬೆ ಫಟ್ಟನೆ ಮುರಿದಾಗ ಅವನು ತಿರುಗಿ ನೋಡಲಿಲ್ಲ. "ಮಾವ" ಎಂದೆ. ನಡೆಯುತ್ತಲೇ ಇದ್ದ. ಇನ್ನೂ ಸ್ವಲ್ಪ ಗಟ್ಟಿಯಾಗಿ ಕರೆದೆ. ಅವನ ಬೆನ್ನು ಮಂಜಿನಲ್ಲಿ ದೂರವಾಗುತ್ತಿತ್ತು. ಓಡಿಹೋಗಿ ತೋಳು ಹಿಡಿಯಬೇಕಾಯಿತು.

"ಏನೇ?"

"ಏನಿಲ್ಲ" ಅಂದೆ. ಇದನ್ನು ಅವನ ವಿರುದ್ಧ ಎಣಿಸಿಕೊಂಡೆ.

ಏಣಿನ ಮೇಲೆ ಒಂದು ಹಳೆಯ ಪಾಪ್ಲರ್ ಮರ. ಇಬ್ಬರು ತಬ್ಬಿದರೂ ತೋಳಿಗೆ ಸಿಗದಷ್ಟು ಗಾತ್ರ. ಅದಕ್ಕೆ ಬೆನ್ನು ಕೊಟ್ಟು ಭುಜಕ್ಕೆ ಭುಜ ತಾಗಿಸಿ ಕೂತೆವು. ಒಪ್ಪಂದ ಹೀಗಿತ್ತು: ಹುಂಜ ಕೂಗಿದರೆ ನಾನು ಅವನ ಮೊಣಕಾಲು ತಟ್ಟಬೇಕು. ಎಡಗಡೆಯಾದರೆ ಎಡಮೊಣಕಾಲು, ಬಲಗಡೆಯಾದರೆ ಬಲ. ದೂರವಿದ್ದರೆ ಮೆಲ್ಲಗೆ, ಹತ್ತಿರವಾದಂತೆ ಜೋರಾಗಿ.

ಮಾವ ಅಂಗಿಯ ಒಳಗಿನಿಂದ ಮೂಳೆ ಪೀಪಿ ತೆಗೆದ. ಅದು ಅವನ ಅಜ್ಜ ಮಾಡಿದ್ದು. ಹೆಣ್ಣು ಟರ್ಕಿಯ ರೆಕ್ಕೆಯ ಮೂಳೆಗಳನ್ನು ಒಂದರೊಳಗೊಂದು ಕೂಡಿಸಿ, ನೂಲು ಸುತ್ತಿ, ಅಂಟು ಬಳಿದದ್ದು. ತುಟಿ ತಾಗಿ ತಾಗಿ ಒಂದು ತುದಿ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ಊದುವುದಲ್ಲ, ಮುತ್ತಿಡುವ ಹಾಗೆ ತುಟಿ ಮಾಡಿ ಉಸಿರನ್ನು ಒಳಕ್ಕೆಳೆಯುವುದು. ಮಾವ ಎಳೆದ. ಸತ್ತ ಹೇಂಟೆಯ ಮೂಳೆಯಿಂದ ಬದುಕಿರುವ ಹೇಂಟೆಯೊಂದು ಕ್ಯಾವ್, ಕ್ಯಾವ್, ಕ್ಯಾವ್ ಎಂದು ಎದ್ದು ಬಂತು. ತನಗೆ ಒಂದಿಷ್ಟೂ ಕೇಳದ ಆ ಸದ್ದನ್ನು ಅವನು ತುಟಿಯ ನೆನಪೊಂದರಿಂದಲೇ ಅಷ್ಟು ಸರಿಯಾಗಿ ಮಾಡಿದ್ದ.

ಬೆಟ್ಟದ ಆಚೆ ಮಗ್ಗುಲಿನಿಂದ ಉತ್ತರ ಬಂತು. ಗಳಗಳಗಳ! ನಾನು ಅವನ ಬಲಮೊಣಕಾಲನ್ನು ಮೆಲ್ಲಗೆ ತಟ್ಟಿದೆ.

ಮಾವನ ಮುಖದಲ್ಲಿ ಆದದ್ದನ್ನು ಹೇಗೆ ಹೇಳಲಿ? ಆರು ತಿಂಗಳಿಂದ ಮುಚ್ಚಿದ್ದ ಮನೆಯ ಕಿಟಕಿ ತೆರೆದ ಹಾಗಾಯಿತು.

ಮತ್ತೆ ಕರೆದ. ಮತ್ತೆ ಉತ್ತರ, ಇನ್ನೂ ಹತ್ತಿರ. ತಟ್ಟಿದೆ. ಪೂರ್ವದ ಬೆಟ್ಟಗಳ ಸಾಲು ನೀಲಿಯಿಂದ ಬೂದಿಗೆ, ಬೂದಿಯಿಂದ ಹೊಂಬಣ್ಣಕ್ಕೆ ಹೊರಳುತ್ತಿತ್ತು. ಆಮೇಲೆ ಕೂಗು ನಿಂತುಹೋಯಿತು. ಮಾವ ನನ್ನ ಕೈ ನೋಡುತ್ತಿದ್ದ. ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಹೋಯಿತು ಎಂದುಕೊಂಡೆ. ಬೇರೆ ಹೇಂಟೆಯ ಹಿಂದೆ ಹೋಗಿರಬೇಕು.

ಆಗ ನಮ್ಮ ಬೆನ್ನ ಹಿಂದೆ, ಎಡಗಡೆಗೆ, ಹೆಜ್ಜೆಗಳು ಕೇಳಿದವು. ನನ್ನ ಕಣ್ಣು ಆ ಕಡೆ ಹೊರಳಿತು.

ಒಣ ಎಲೆಗಳ ಮೇಲೆ ಸರಕ್, ಸರಕ್. ನಿಂತವು. ಮತ್ತೆ ಸರಕ್, ಸರಕ್. ಎರಡು ಕಾಲಿನ, ತೂಕವಿರುವ, ಎಚ್ಚರದ ನಡಿಗೆ. ಮನುಷ್ಯ. ಯಾರೋ ಬೇಟೆಗಾರ ಮಾವನ ಪೀಪಿಯನ್ನು ನಿಜವಾದ ಹೇಂಟೆ ಎಂದು ನಂಬಿ, ನಮ್ಮ ಕಡೆಗೇ ಹೊಂಚುತ್ತ ಬರುತ್ತಿದ್ದಾನೆ. ಅವನ ಬಂದೂಕು ಎತ್ತಿಯೇ ಇರುತ್ತದೆ. ಹೀಗೆ ಸತ್ತವರ, ಕಣ್ಣು ಕಳೆದುಕೊಂಡವರ ಕಥೆಗಳನ್ನು ಈ ಬೆಟ್ಟಗಳಲ್ಲಿ ಹಾಲು ಕುಡಿಯುವ ಮಕ್ಕಳೂ ಕೇಳಿರುತ್ತವೆ. ಅಂಥ ಹೊತ್ತಲ್ಲಿ ಕೈ ಬೀಸಬಾರದು, ಏಳಬಾರದು. ಗಟ್ಟಿಯಾಗಿ ಮನುಷ್ಯರ ಮಾತು ಆಡಬೇಕು, ಅಷ್ಟೆ.

ಮಾವನಿಗೆ ಏನೂ ಕೇಳಿರಲಿಲ್ಲ. ಬಂದೂಕು ಮೊಣಕಾಲ ಮೇಲಿಟ್ಟುಕೊಂಡು ಮುಂದೆ ನೋಡುತ್ತ ಕೂತಿದ್ದ. ಸಾವು ಬೆನ್ನ ಹಿಂದೆ ನಡೆದುಬರುತ್ತಿದೆ, ಇವನಿಗೆ ಗೊತ್ತಿಲ್ಲ! ನನ್ನ ತೀರ್ಮಾನ ಅಲ್ಲಿಗೇ ಮುಗಿಯಿತು. ಬೀಗದ ಕೀಲಿ ಅಮ್ಮನ ಕೊರಳಲ್ಲೇ ಇರಲಿ. ನಾನು ಕೂಗಿದರೆ ಹುಂಜ ಇನ್ನು ಈ ಬೆಟ್ಟಕ್ಕೆ ಬರುವುದಿಲ್ಲ, ಮಾವನಿಗೆ ಇನ್ನೊಂದು ಬೆಳಗೂ ಸಿಗುವುದಿಲ್ಲ. ಇರಲಿ. ಬದುಕಿರಲಿ ಮೊದಲು.

ಬಾಯಿ ತೆರೆದೆ.

ಮಾವನ ಅಂಗೈ ನನ್ನ ಮಣಿಕಟ್ಟಿನ ಮೇಲೆ ಬಂದು ಕೂತಿತು. ಗಟ್ಟಿಯಾಗಿ ಹಿಡಿಯಲಿಲ್ಲ. ಸುಮ್ಮನೆ ಕೂತಿತು. ನಾನು ಅವನತ್ತ ಕಣ್ಣು ಹೊರಳಿಸಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ದೂರದ ಹಾಡು ಕೇಳುವವನ ಹಾಗೆ ಅವನ ಕಣ್ಣು ಅರ್ಧ ಮುಚ್ಚಿತ್ತು. ಇನ್ನೊಂದು ಕೈಯ ಎರಡು ಬೆರಳಿಂದ ತನ್ನ ಎದೆಮೂಳೆಯನ್ನು ಮುಟ್ಟಿ ತೋರಿಸಿದ. ಇಲ್ಲಿ.

ಹೆದರಿಕೆಯಿಂದ ನನ್ನ ಎದೆ ಡವಗುಟ್ಟುತ್ತಿತ್ತು. ಅದರಾಚೆಗೆ ಬೇರೇನೂ ತಿಳಿಯುತ್ತಿರಲಿಲ್ಲ. ಅವನು ಮತ್ತೆ ಎದೆ ಮುಟ್ಟಿದ. ನಾನು ಬಾಯಿ ಮುಚ್ಚಿದೆ. ಉಸಿರು ಹಿಡಿದೆ.

ಆಗ ಬಂತು.

ಮೊದಲು ಪ್ಚ್ ಎಂದು ಯಾರೋ ಉಗಿದಂಥ ಸಣ್ಣ ಸದ್ದು. ಅದರ ಬೆನ್ನಿಗೇ ಸದ್ದು ಎನ್ನಲೂ ಆಗದ ಒಂದು ಗುಂಯ್‌ಗುಡುವಿಕೆ. ಕಿವಿಯಿಂದ ಬರಲಿಲ್ಲ ಅದು. ಪಕ್ಕೆಲುಬುಗಳ ನಡುವಿನಿಂದ, ಹಲ್ಲಿನ ಬುಡದಿಂದ, ಒರಗಿ ಕೂತ ಮರದ ಒಳಗಿನಿಂದ ಎಂಬಂತೆ ಏರಿ, ತುಂಬಿ, ಇಳಿಯಿತು. ಬೆಟ್ಟವೇ ಒಮ್ಮೆ ಗಂಟಲು ಸರಿಮಾಡಿಕೊಂಡ ಹಾಗೆ. ನಮ್ಮ ಹಿರಿಯರು ಇದನ್ನೇ ಹುಂಜದ ಡೋಲು ಎನ್ನುತ್ತಿದ್ದುದು. ಮಾತಿನಲ್ಲಿ ಕೇಳಿದ್ದೆ, ಮೈಗೆ ಎಂದೂ ಬಂದಿರಲಿಲ್ಲ. ಕೀಚಲು ದನಿಗಳನ್ನೂ ಪಿಸುಮಾತುಗಳನ್ನೂ ಕಳೆದುಕೊಂಡ ಮಾವನ ಕಿವಿಯಲ್ಲಿ ಎಲ್ಲಕ್ಕಿಂತ ತಗ್ಗಿನ ಈ ಒಂದು ಸದ್ದಿಗೆ ಇನ್ನೂ ಜಾಗವಿತ್ತು.

ಸರಕ್, ಸರಕ್. ಹೆಜ್ಜೆಗಳು ಮರವನ್ನು ಬಳಸಿ ಬಂದವು. ಮನುಷ್ಯನ ಹಾಗೆ ನಡೆಯುತ್ತಿದ್ದದ್ದು ಮನುಷ್ಯನಲ್ಲ.

ಅದು ಬಿಸಿಲಿಗೆ ಕಾಲಿಟ್ಟಿತು.

ಟರ್ಕಿಗಳನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ರಸ್ತೆ ದಾಟುವಾಗ, ಹೊಲದಂಚಿನಲ್ಲಿ, ಕಪ್ಪಗೆ, ಬಗ್ಗಿಕೊಂಡು, ಅವಸರದಲ್ಲಿ. ಅವು ಕಪ್ಪು ಎಂದೇ ತಿಳಿದಿದ್ದೆ. ಈಗ ಎದುರಿಗೆ ನಿಂತದ್ದರಲ್ಲಿ ಕಪ್ಪು ಎಂಬುದೇ ಇರಲಿಲ್ಲ. ಅದು ಮೈಯನ್ನೆಲ್ಲ ಉಬ್ಬಿಸಿತು. ಒಂದೊಂದು ಗರಿಯೂ ತನ್ನದೇ ಬೆಳಕು ಹೊತ್ತಿಸಿಕೊಂಡಿತು: ತಾಮ್ರ, ಕಾದ ಹಿತ್ತಾಳೆ, ಜೀರುಂಡೆಯ ಹಸಿರು. ಒಂದು ಹೆಜ್ಜೆ ತಿರುಗಿದರೆ ಹಸಿರೆಲ್ಲ ಹೋಗಿ ಕೆಂಡ. ಬಾಲ ಬೀಸಣಿಗೆಯಂತೆ ತೆರೆದುಕೊಂಡು ಅದರ ಕಂದು ಅಂಚಿನ ಮೂಲಕ ಬೆಳಗಿನ ಸೂರ್ಯ ಹಾದು ಬಂದ. ರೆಕ್ಕೆಗಳ ತುದಿ ನೆಲ ಕೆರೆಯುತ್ತಿತ್ತು. ಬೋಳು ತಲೆ ನೋಡನೋಡುತ್ತ ಕೆಂಪಿನಿಂದ ಹಿಮದ ಬಿಳಿಗೆ, ಬಿಳಿಯಿಂದ ನೀಲಿಗೆ ತಿರುಗಿತು. ಎದೆಯಿಂದ ಕುದುರೆಕೂದಲಿನ ಜುಟ್ಟಿನಂಥ ಗಡ್ಡ ಜೋಲುತ್ತಿತ್ತು. ಮತ್ತೆ ಪ್ಚ್. ಮತ್ತೆ ಆ ಡೋಲು. ಈ ಸಲ ನನ್ನ ಕಣ್ಣಲ್ಲಿ ನೀರು ಬಂತು, ಯಾಕೆಂದು ತಿಳಿಯಲಿಲ್ಲ.

ಮಾವನ ಬಂದೂಕು ಭುಜಕ್ಕೇರಿತ್ತು. ಯಾವಾಗ ಏರಿತೋ ನಾನೇ ಕಾಣಲಿಲ್ಲ. ಈಗ ಹೊಡೆಯುತ್ತಾನೆ, ಈಗ, ಎಂದು ಹಲ್ಲು ಕಚ್ಚಿದೆ. ಹೊಡೆಯಲಿಲ್ಲ. ಹುಂಜದ ಹಿಂದೆ ಪೊದೆಯ ನೆರಳಲ್ಲಿ ಒಂದು ಹೇಂಟೆ ನಿಂತಿದ್ದುದು ನನಗೆ ಆಮೇಲೆ ಕಂಡಿತು. ಅದು ಎಲೆ ಕೆದಕಿತು, ಹುಳ ಹೆಕ್ಕಿತು, ಇನ್ನೊಂದು ಕಡೆ ಕೆದಕಿತು. ಮಾವನ ತೋಳು ನಡುಗತೊಡಗಿತು. ಹೇಂಟೆಗೆ ಅವಸರವಿರಲಿಲ್ಲ. ಅವನು ಕಾದ. ಕೊನೆಗೆ ಅದು ಪೊದೆಯಾಚೆ ಸರಿಯಿತು.

ಬಂದೂಕಿನ ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ಬಂತು.

ಮಾವ ತೋಟಾ ತೆಗೆದು, ಬಂದೂಕನ್ನು ಮರಕ್ಕೊರಗಿಸಿ, ಆಮೇಲೆಯೇ ಹಕ್ಕಿಯ ಬಳಿ ಹೋದ. ಮೊಣಕಾಲೂರಿ ಅದರ ಬೆನ್ನ ಮೇಲೆ ಕೈಯಿಟ್ಟು ಏನೋ ಹೇಳಿದ. ಇಡೀ ಊರಿಗೆ ಕೇಳುವಂತೆ ಮಾತಾಡುವ ಮನುಷ್ಯ ಅದರೊಂದಿಗೆ ಎಷ್ಟು ಮೆಲ್ಲಗೆ ಮಾತಾಡಿದನೆಂದರೆ, ಎರಡು ಹೆಜ್ಜೆ ದೂರದಲ್ಲಿ ನಿಂತ ನನಗೆ ಒಂದು ಪದವೂ ಸಿಗಲಿಲ್ಲ. ನೆಲದ ಮೇಲಿನ ರಕ್ತದ ಹನಿಗಳಿಗೆ ಎಲೆ ಮುಚ್ಚಿದ. ನಂತರ ತಲೆಯೆತ್ತಿದ.

"ಯಾರೋ ಬಂದ ಅಂದ್ಕೊಂಡೆ ಅಲ್ವಾ?"

ಹೂಂ ಎಂದು ತಲೆಯಾಡಿಸಿದೆ.

"ನಿನ್ನ ಕೈ ತಣ್ಣಗಾಗಿತ್ತು, ಅದಕ್ಕೇ ಗೊತ್ತಾಯ್ತು ಏನೋ ನಡ್ಕೊಂಡು ಬರ್ತಿದೆ ಅಂತ. ಡೋಲು ನಂಗೆ ಬಂತು, ಯಾವ ಕಡೆಯಿಂದ ಅಂತ ಬರ್ಲಿಲ್ಲ. ನೀನು ಎಡಗಡೆ ಕಣ್ಣು ಹಾಯಿಸ್ದೆ." ತುಸು ತಡೆದು, "ನೀನಿಲ್ದೆ ಇದ್ದಿದ್ರೆ ನಾನು ಬಲಗಡೆ ನೋಡ್ತಾ ಕೂತಿರ್ತಿದ್ದೆ. ಅದು ನನ್ನ ಬೆನ್ನು ನೋಡ್ಕೊಂಡು ಹೋಗಿರೋದು" ಅಂದ.

ಇದನ್ನು ಅವನು ಹೇಳಬೇಕಾಗಿರಲಿಲ್ಲ. ನಾನು ಮನೆಗೆ ಹೋಗಿ ಏನು ಹೇಳುವವಳೆಂದು ತಿಳಿದೂ ಹೇಳಿದ.

ಹಕ್ಕಿ ಬೆಚ್ಚಗಿರುವಾಗಲೇ ಗರಿ ಕೀಳಬೇಕು. ಅಂಗಳದಲ್ಲಿ ಟ್ರಕ್ಕಿನ ಹಿಂಬಾಗಿಲು ಇಳಿಸಿ, ಹಾಸಿಗೆಬಟ್ಟೆ ಹಾಸಿ, ಅಮ್ಮ, ಡೆಲ್ಲಾ ಅಕ್ಕ, ನಾನು ಸುತ್ತ ನಿಂತೆವು. ಅಮ್ಮ ಬೆನ್ನಿನ ಗರಿಗಳನ್ನು ಯಾರಿಗೂ ಮುಟ್ಟಗೊಡಲಿಲ್ಲ. ಚರ್ಮವನ್ನು ಎಡಗೈಲಿ ಬಿಗಿಹಿಡಿದು, ಬಲಗೈಲಿ ಒಂದೊಂದನ್ನೇ ಅದು ಬೆಳೆದ ದಿಕ್ಕಿಗೇ ಎಳೆದು, ಬುಡ ಒಂದು ಕಡೆ ತುದಿ ಒಂದು ಕಡೆ ಬರುವಂತೆ ಜೋಡಿಸಿಟ್ಟಳು. ಒಂದನ್ನು ಎತ್ತಿ ಬಿಸಿಲಿಗೆ ಹಿಡಿದು ಓರೆಯಾಗಿಸಿದಳು. ತಾಮ್ರ ಹಸಿರಾಯಿತು. ಹಸಿರು ಕೆಂಡವಾಯಿತು. ಎರಡು ಚಳಿಗಾಲ ಇದನ್ನೇ ಕಟ್ಟಿದವಳು ಮೊದಲ ಸಲ ಕಂಡವಳಂತೆ, "ನೋಡ್ರೇ" ಅಂದಳು. ನಾವು ನೋಡಿದೆವು.

"ನೋಡ್ತಾ ನಿಂತ್ರೆ ಹೊಟ್ಟೆ ತುಂಬತ್ತಾ?" ಅಂದಳು ಡೆಲ್ಲಾ ಅಕ್ಕ, ಆದರೆ ಮೆತ್ತಗೆ.

ಅವಳೇ ಕರುಳು ತೆಗೆದಳು. ಕತ್ತಿನ ಬುಡದ ಮೇವುಚೀಲ ಸೀಳಿದಾಗ ಓಕ್ ಬೀಜದ ಚೂರು, ಎಳೆ ಸೊಪ್ಪು, ಒಂದು ಹಸಿರು ಮಿಡತೆ ಹೊರಬಂದವು. ಹಕ್ಕಿಯ ಕೊನೆಯ ಬೆಳಗು ಅದು. ಎದೆಯ ಮಾಂಸವನ್ನು ಎಳೆಗೆ ಅಡ್ಡವಾಗಿ ತೆಳ್ಳಗೆ ಕುಯ್ದು, ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ, ಹಂದಿ ಕೊಬ್ಬಿನಲ್ಲಿ ಕರಿಯುವುದು. ಕಾಲುಗಳದು ಬೇರೆ ದಾರಿ. ಬೆಟ್ಟವೆಲ್ಲ ಓಡಾಡಿದ ಕಾಲು, ಒಳಗೆಲ್ಲ ಸೂಜಿಯಂಥ ನರ. ಮಧ್ಯಾಹ್ನದವರೆಗೆ ಸಣ್ಣ ಉರಿಯಲ್ಲಿ ಬೇಯದೆ ಮೂಳೆ ಬಿಡುವುದಿಲ್ಲ. ಅದರ ಸಾರಿಗೆ ಡೆಲ್ಲಾ ಅಕ್ಕ ತೊರೆಯ ದಡದ ಕಾಡು ಬೆಳ್ಳುಳ್ಳಿ ಸೊಪ್ಪು ಹಾಕಿದಳು. ಪಕ್ಕದ ಒಲೆಯಲ್ಲಿ ಮೆಕ್ಕೆಜೋಳದ ಹಿಟ್ಟಿಗೆ ಬೀನ್ಸ್ ಕಾಳು ಕಲಸಿ ಎಲೆಯಲ್ಲಿ ಸುತ್ತಿದ ಕಡುಬು ಬೇಯುತ್ತಿತ್ತು. ಮಾವ ಒಂದು ಮೂಲೆಯಲ್ಲಿ ಕೂತು ಎರಡೂ ರೆಕ್ಕೆಯ ಮೂಳೆಗಳಿಂದ ಮಾಂಸ ಹೆರೆಯುತ್ತಿದ್ದ. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅಮ್ಮ ಕೈಯೊರೆಸಿಕೊಂಡಳು. "ಹೇಳು."

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಒಂದೂ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು ಎಂದು. ನಾನು ಎದ್ದುಹೋಗಿ ಮಾವನ ಎದುರು ನಿಂತೆ, ನನ್ನ ತುಟಿ ಅವನಿಗೆ ಕಾಣಲಿ ಎಂದು.

"ಮಾವನ ಕೈ ಸರಿ ಇದೆ. ಕಣ್ಣು ಸರಿ ಇದೆ. ಹೇಂಟೆ ಸರಿಯೋವರೆಗೂ ತೋಳು ನಡುಗಿದ್ರೂ ಕಾದ. ಆದ್ರೆ ಹಿಂದಿಂದ ಎರಡು ಸಲ ಕರೆದ್ರೂ ಅವನಿಗೆ ಕೇಳಲಿಲ್ಲ. ಒಬ್ಬನೇ ಹೋಗಬಾರದು. ಒಂದು ದಿನಾನೂ."

ಮಾವನ ಚಾಕು ನಿಂತಿತು.

"ಹಾಗಿದ್ರೆ ಮಾರೋದೇ ಅನ್ನು," ಅಂದಳು ಅಮ್ಮ. "ಅವನ ಜೊತೆ ಬೆಟ್ಟ ಹತ್ತೋರು ಈ ಮನೇಲಿ ಯಾರಿದಾರೆ?"

"ನಾನು."

"ನೀನು!" ಡೆಲ್ಲಾ ಅಕ್ಕ ಸೌಟು ಹಿಡಿದೇ ತಿರುಗಿದಳು. "ಒಂದು ದಿನಕ್ಕೆ ನಿನ್ನ ಮುಖ ಸುಣ್ಣ ಆಗಿದೆ. ಏಪ್ರಿಲ್ ಪೂರ್ತಿ ಹೆದರ್ಕೊಂಡೇ ಕೂತಿರ್ತೀಯಾ?"

"ಹೂಂ. ಹೆದರ್ಕೊಂಡೇ ಕೂತಿರ್ತೀನಿ. ನನ್ನ ಹೆದರಿಕೇನೂ ಅವನಿಗೆ ಕೆಲಸಕ್ಕೆ ಬರತ್ತೆ. ಎಲ್ಲಿಂದ ಬರ್ತಿದೆ ಅಂತ ನನ್ನ ನೋಡಿ ತಿಳ್ಕೋತಾನೆ."

ಮತ್ತೆ ಕೇಳುವುದಿಲ್ಲ ಎಂದಿದ್ದ ಅಮ್ಮ ಮತ್ತೆ ಕೇಳಲಿಲ್ಲ. ದಾರವನ್ನು ತಲೆಯ ಮೇಲಿಂದ ತೆಗೆದಳು. ಮಾವನ ಕಡೆ ಹೋಗುತ್ತಾಳೆಂದುಕೊಂಡೆ. ಅದನ್ನು ತಂದು ನನ್ನ ಕೊರಳಿಗೆ ಹಾಕಿದಳು. ಅವಳ ಬೆರಳಿಗೆ ಅಂಟಿದ್ದ ಮೆದುಪುಕ್ಕ ಒಂದಿಷ್ಟು ಕೀಲಿಕೈಗೂ ಅಂಟಿಕೊಂಡಿತ್ತು.

ಮಾವನಿಗೆ ನೋವಾಗಿತ್ತು. ಅರವತ್ತು ಏಪ್ರಿಲ್‌ಗಳಲ್ಲಿ ಒಬ್ಬನೇ ಹತ್ತಿದ ಬೆಟ್ಟ ಅದು. ಊಟದಲ್ಲಿ ಮಾಂಸ ಮಾತ್ರ ಎರಡು ಸಲ ಹಾಕಿಸಿಕೊಂಡ. ಕಾಡಿನ ಹಕ್ಕಿಯ ರುಚಿಯಲ್ಲಿ ಅದು ತಿಂದ ಕಾಡೆಲ್ಲ ಇರುತ್ತದೆ. ನಾನು ಆ ಗುಂಯ್‌ಗುಡುವಿಕೆಯನ್ನು ನೆನೆಯುತ್ತ ಮೆಲ್ಲಗೆ ಅಗಿದೆ. ಅದನ್ನು ಮಾಡಿದ ಎದೆಯನ್ನೇ ತಿನ್ನುತ್ತಿದ್ದೇನೆ ಎಂಬುದು ಹೆದರಿಕೆಯಲ್ಲದ ಇನ್ನೊಂದು ನಡುಕವಾಗಿ ನನ್ನೊಳಗೆ ಹಾದುಹೋಯಿತು.

ಒಂದು ವಾರ ಕಳೆದಿರಬೇಕು. ಅಮ್ಮನ ಹೊದಿಕೆಯ ಭುಜ ಏರುತ್ತಿತ್ತು. ಮಾವ ಬೆಳಗಿನ ಕಾಫಿಗೆ ಬಂದ. ಜೇಬಿನಿಂದ ಹೊಸ ಮೂಳೆ ಪೀಪಿ ತೆಗೆದು ನನ್ನ ಮುಂದಿಟ್ಟ. ಬೇಯಿಸಿ, ಮಜ್ಜೆ ತೆಗೆದು, ಉಜ್ಜಿ ಬಿಳಿ ಮಾಡಿದ್ದು. ಬಾಯಿಗಿಡುವ ತುದಿ ಅವನದಕ್ಕಿಂತ ಸಣ್ಣದು.

"ಹುಂಜದ್ದು. ಹೇಂಟೆ ಮೂಳೆಯಷ್ಟು ಸಣ್ಣ ದನಿ ಬರಲ್ಲ. ನಿನ್ನ ಬಾಯಿಗೆ ಸಾಕು," ಅಂದ, ಇಡೀ ಕಣಿವೆಗೆ ಕೇಳುವಂತೆ. "ಎಳಿ."

ಎಳೆದೆ. ಬಾಗಿಲಿಗೆ ಸಿಕ್ಕ ಬೆಕ್ಕು ಕಿರುಚಿದಂತಾಯಿತು. ಡೆಲ್ಲಾ ಅಕ್ಕ ಕಿವಿ ಮುಚ್ಚಿಕೊಂಡಳು.

ಮಾವ ನಮ್ಮ ಮುಖ ನೋಡಲಿಲ್ಲ. ಮುಂದೆ ಬಾಗಿ, ಮೂಳೆಯ ಬದಿಗೆ ಎರಡು ಬೆರಳು ತಾಗಿಸಿ ಹಿಡಿದ. ಕಣ್ಣು ಅರ್ಧ ಮುಚ್ಚಿದ.

"ಇನ್ನೊಂದ್ಸಲ," ಅಂದ. "ಈಗ ನಂಗೆ ಕೇಳತ್ತೆ."